ತಪಾಸಣೆಗಾರರ ಅಳಲು

ವಿಮಾನವನ್ನೇರಲು ಹೊರಟ ಪ್ರಯಾಣಿಕನಿಗೆ ದಾರಿಯಲ್ಲಿ ಎದುರಾಗುವ ಸಕಲ ನೌಕರರಲ್ಲಿಯೂ ಅತ್ಯಂತ ಅಪ್ರಿಯನಾದವನು ತಪಾಸಣೆಯವನು. ಅವನು ಸೊಂಟದ ಪಟ್ಟಿಯನ್ನು ಬಿಚ್ಚಿಸುತ್ತಾನೆ, ಅಚ್ಚುಕಟ್ಟಾಗಿ ಕಟ್ಟಿದ ಚೀಲವನ್ನು ಕೆದಕುತ್ತಾನೆ, ನೀರಿನ ಸೀಸೆಯನ್ನು ಕಸಿದು ಕಸದ ಬುಟ್ಟಿಗೆ ಹಾಕುತ್ತಾನೆ. ನಿತ್ಯವೂ ಬೈಗುಳವನ್ನು ಕೇಳುವ ಈ ನೌಕರನಿಗೂ ತನ್ನದೇ ಆದ ಒಂದು ಅಳಲುಂಟೆಂದೂ, ಅದಕ್ಕೆ ಕಾರಣರು ಪ್ರಯಾಣಿಕರಿಗಿಂತ ಹೆಚ್ಚಾಗಿ ಅವನ ಮೇಲಧಿಕಾರಿಗಳೇ ಎಂದೂ ಯೋಚಿಸುವವರು ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನದ ಸುಮಾರು 47,000 ಮಂದಿ ತಪಾಸಣೆಗಾರರು ತಮ್ಮ ಸರ್ಕಾರದೊಡನೆ ನಡೆಸುತ್ತ ಬಂದಿರುವ ವ್ಯಾಜ್ಯವು, ಆಡಳಿತದ ವಿಷಯದಲ್ಲಿ ಆಸಕ್ತಿಯುಳ್ಳ ನಮ್ಮ ವಾಚಕರ ಪರಾಮರ್ಶೆಗೆ ಯೋಗ್ಯವಾದುದೆಂದು ನಾವು ಭಾವಿಸುತ್ತೇವೆ.

ಈ ಇಲಾಖೆಯ ಹುಟ್ಟು ಅನರ್ಥದಿಂದಾದುದು. 2001ರ ಸೆಪ್ಟೆಂಬರ್ 11ಕ್ಕೆ ಮೊದಲು ಅಲ್ಲಿ ತಪಾಸಣೆಯು ವಿಮಾನ ಕಂಪೆನಿಗಳು ನೇಮಿಸಿದ ಖಾಸಗಿ ಗುತ್ತಿಗೆದಾರರ ಕೈಯಲ್ಲಿತ್ತು. ಅವರು ಕೊಡುತ್ತಿದ್ದ ಕೂಲಿ ಎಷ್ಟು ಅಲ್ಪವಾಗಿತ್ತೆಂದರೆ, ಅನೇಕ ದೊಡ್ಡ ನಿಲ್ದಾಣಗಳಲ್ಲಿ ಒಂದು ವರ್ಷದೊಳಗೆ ಸಿಬ್ಬಂದಿಯೆಲ್ಲ ಬದಲಾಗಿಬಿಡುತ್ತಿತ್ತೆಂದು ಆ ಸರ್ಕಾರದ ಲೆಕ್ಕಪರಿಶೋಧನ ಕಚೇರಿಯೇ 2000ದಲ್ಲಿ ವರದಿ ಮಾಡಿತ್ತು. ದುರಂತವಾದ ಮೇಲೆ, ಅದೇ ವರ್ಷದ ನವೆಂಬರ್ 19ರಂದು ಶಾಸನವಾಗಿ, ತಪಾಸಣೆಯು ಸರ್ಕಾರದ ಕೆಲಸವಾಯಿತು. ಆದರೆ ಆ ಶಾಸನದಲ್ಲಿಯೇ ಒಂದು ಮುಳ್ಳು ಸೇರಿಕೊಂಡಿತು. ತಪಾಸಣೆಗಾರರ ನೇಮಕ, ಸಂಬಳ, ಶಿಸ್ತು, ವಜಾ ಇವೆಲ್ಲವನ್ನೂ ಬೇರೆ ಯಾವ ಕಾನೂನು ಏನೇ ಹೇಳಲಿ ಇಲಾಖೆಯ ಮುಖ್ಯಸ್ಥನು ತನ್ನಿಷ್ಟದಂತೆ ಗೊತ್ತುಮಾಡಬಹುದೆಂದು ಅದು ವಿಧಿಸಿತು. ಇತರ ಸರ್ಕಾರಿ ನೌಕರರಿಗೆ ಕಾನೂನಿನಿಂದ ದೊರೆತ ರಕ್ಷಣೆಯು ಹೀಗೆ ಇವರಿಗೆ ಒಬ್ಬ ಅಧಿಕಾರಿಯ ಅನುಗ್ರಹವಾಗಿ ಪರಿಣಮಿಸಿತು.

ಅನುಗ್ರಹದ ಗುಣವೇ ಅದು; ಒಬ್ಬನು ಕೊಟ್ಟುದನ್ನು ಮತ್ತೊಬ್ಬನು ಕಸಿಯಬಲ್ಲನು. ಸಂಘದ ಮೂಲಕ ಕರಾರು ಮಾಡಿಕೊಳ್ಳುವ ಹಕ್ಕು ಇವರಿಗಿಲ್ಲವೆಂದು ಆಗಿನ ಮುಖ್ಯಸ್ಥ ಜೇಮ್ಸ್ ಲಾಯ್ 2003ರ ಜನವರಿಯಲ್ಲಿ ಆಜ್ಞೆ ಮಾಡಿದರು. 2011ರಲ್ಲಿ ಜಾನ್ ಪಿಸ್ಟೋಲ್ ಎಂಬ ಮತ್ತೊಬ್ಬ ಮುಖ್ಯಸ್ಥರು ಪರಿಮಿತವಾಗಿ ಆ ಹಕ್ಕನ್ನಿತ್ತರು. 2024ರ ಮೇ ತಿಂಗಳಲ್ಲಿ ಏಳು ವರ್ಷಗಳ ಅವಧಿಗೆ ಒಂದು ಕರಾರಾಯಿತು. ವರ್ಷ ತುಂಬುವುದಕ್ಕೆ ಮೊದಲೇ, 2025ರ ಮಾರ್ಚಿಯಲ್ಲಿ, ಆಗಿನ ಒಳನಾಡ ಭದ್ರತಾ ಮಂತ್ರಿಣಿ ಕ್ರಿಸ್ಟಿ ನೋಯೆಮ್ ಅದನ್ನು ರದ್ದುಮಾಡಿದುದಾಗಿ ಸಾರಿದರು. ಜೂನ್ ತಿಂಗಳಲ್ಲಿ ಸಿಯಾಟಲ್ ನಗರದ ನ್ಯಾಯಾಧೀಶೆಯೊಬ್ಬರು, ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ ಸಂಘದ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕಾಗಿಯೇ ಇದು ನಡೆದಂತಿದೆಯೆಂದು ಹೇಳಿ ತಡೆಯಾಜ್ಞೆಯನ್ನಿತ್ತರು. ಏಳು ವರ್ಷದ ಮಾತು ಏಳೆಂಟು ಗೇಣು ನಡೆಯದಿದ್ದರೆ, ಮಾತು ಕೊಟ್ಟವರಲ್ಲಿ ನೌಕರನಿಗೆ ವಿಶ್ವಾಸವೆಂತು ಹುಟ್ಟೀತು?

ಸಂಬಳದ ಕಥೆಯೂ ಇಂತಹುದೇ. ಇತರ ಇಲಾಖೆಗಳಲ್ಲಿ ಸಮಾನವಾದ ಹೊಣೆಯುಳ್ಳವರಿಗಿಂತ ಇವರಿಗೆ ಸುಮಾರು ಶೇಕಡ 30ರಷ್ಟು ಕಡಮೆ ದೊರೆಯುತ್ತಿತ್ತೆಂಬುದನ್ನು ಇಲಾಖೆಯ ಮುಖ್ಯಸ್ಥರೇ ಒಪ್ಪಿಕೊಂಡರು. 2023ರ ಜುಲೈಯಲ್ಲಿ ಆ ಅಂತರವನ್ನು ತುಂಬುವ ಏರ್ಪಾಡಾಯಿತು. ಕೂಡಲೇ ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಬಹಳಷ್ಟು ಇಳಿಯಿತೆಂದು ಇಲಾಖೆಯೇ ಹೇಳಿಕೊಂಡಿತು. ನೌಕರರು ಸೋಮಾರಿಗಳಾದುದರಿಂದ ನಿಲ್ಲುವುದಿಲ್ಲವೆಂದು ಇಪ್ಪತ್ತು ವರ್ಷ ದೂರುತ್ತಿದ್ದವರು ಇದಕ್ಕೆ ಏನುತ್ತರ ಹೇಳುವರೋ ತಿಳಿಯದು.

ಆದರೂ ಹೊಟ್ಟೆಯ ಚಿಂತೆ ಪೂರ್ತಿಯಾಗಿ ತೀರಲಿಲ್ಲ. ಅಲ್ಲಿ ಆಯವ್ಯಯದ ಮಂಜೂರಾತಿಯ ಬಗ್ಗೆ ಕಾಂಗ್ರೆಸ್ ಸಭೆಯಲ್ಲಿ ಜಗಳ ಹುಟ್ಟಿದರೆ ಸರ್ಕಾರದ ಕಚೇರಿಗಳು ಮುಚ್ಚುತ್ತವೆ. ಅತ್ಯಗತ್ಯವೆನಿಸಿಕೊಂಡ ತಪಾಸಣೆಗಾರನು ಮಾತ್ರ ಸಂಬಳವಿಲ್ಲದೆ ದುಡಿಯಬೇಕು. 2018ರ ಡಿಸೆಂಬರಿನಿಂದ 35 ದಿನ, 2025ರ ಅಕ್ಟೋಬರಿನಿಂದ 43 ದಿನ ಹೀಗಾಯಿತು. ಮೊದಲನೆಯ ಸಲ, ಜನವರಿಯ ಒಂದು ದಿನ ಹತ್ತರಲ್ಲೊಬ್ಬನು ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬರುವ ಬಂಡಿಯ ಖರ್ಚಿಗೂ ಕೈಯಲ್ಲಿ ಕಾಸಿಲ್ಲವೆಂದು ಹೇಳಿದವರು ಅವರಲ್ಲಿ ಅನೇಕರು. ಬಾಕಿಯು ಅನಂತರ ಸಂದಿತೆಂಬುದು ನಿಜ. ಆದರೆ ಮನೆಯ ಬಾಡಿಗೆಯೂ ಮಕ್ಕಳ ಹಸಿವೂ ಕಾಂಗ್ರೆಸ್ ಸಭೆಯ ಒಪ್ಪಂದಕ್ಕಾಗಿ ಕಾಯುವುದಿಲ್ಲ.

ಮೇಲಿನವರ ನಡತೆ ಹೇಗಿತ್ತು? 2015ರಲ್ಲಿ ಗುಪ್ತ ಪರೀಕ್ಷಕರು ನಿಷಿದ್ಧ ವಸ್ತುಗಳನ್ನು ಅಡಗಿಸಿಕೊಂಡು ಹೋದ 70 ಪ್ರಯತ್ನಗಳಲ್ಲಿ 67ರಲ್ಲಿ ಸಿಕ್ಕಿಬೀಳಲಿಲ್ಲವೆಂಬ ಸುದ್ದಿ ಹೊರಬಿದ್ದಿತು. ಮರುವರ್ಷ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಬಂದ ಸಂಗತಿ ಇನ್ನೂ ಕಹಿಯಾದುದು. ಭದ್ರತೆಯ ವಿಭಾಗಕ್ಕೇ ಮುಖ್ಯನಾಗಿದ್ದ ಅಧಿಕಾರಿಗೆ ಸುಮಾರು ಒಂದು ವರ್ಷದಲ್ಲಿ 90,000 ಡಾಲರುಗಳ ಬಹುಮಾನ ಕಂತುಕಂತಾಗಿ ಸಂದಿತ್ತು. ಲೋಪಗಳನ್ನು ಎತ್ತಿ ಹೇಳಿದ ಅಧಿಕಾರಿಗಳಾದರೋ ತಮಗೆ ದೂರದೂರದ ಊರುಗಳಿಗೆ ಬಲವಂತದ ವರ್ಗವೇ ಬಹುಮಾನವಾಯಿತೆಂದು ಸಾಕ್ಷಿ ನುಡಿದರು. ಬಡವನ ಕೋಪ ದವಡೆಗೆ ಮೂಲವೆಂಬ ಗಾದೆಯನ್ನು ಅಲ್ಲಿನವರೂ ಅನುಭವದಿಂದ ಕಲಿತರೆಂದು ತೋರುತ್ತದೆ.

ಎದುರು ಪಕ್ಷದ ವಾದವನ್ನು ನಾವು ಮರೆಮಾಚುವುದಿಲ್ಲ. ಸುಮಾರು 200 ಮಂದಿ ತಪಾಸಣೆಯನ್ನೇ ಬಿಟ್ಟು ಪೂರ್ಣಾವಧಿ ಸಂಘದ ಕೆಲಸದಲ್ಲಿದ್ದರೆಂದೂ, ಅಸಮರ್ಥರನ್ನು ತೆಗೆದುಹಾಕಲು ಸಂಘವು ಅಡ್ಡಬರುವುದೆಂದೂ ಇಲಾಖೆಯು 2025ರಲ್ಲಿ ಹೇಳಿತು. ಭದ್ರತೆಯ ಕೆಲಸದಲ್ಲಿ ಶಿಸ್ತು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸಂಘದ ಕೆಲಸದ ವೇಳೆಗೆ ಒಂದು ಮಿತಿಯನ್ನು ಕರಾರಿನಲ್ಲಿಯೇ ಗೊತ್ತುಮಾಡಬಹುದು. ಅಸಮರ್ಥನನ್ನು ವಿಚಾರಣೆ ನಡೆಸಿ ತೆಗೆಯಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೇಕೆ? ಮುಷ್ಕರ ಹೂಡುವ ಹಕ್ಕು ಸಂಯುಕ್ತ ಸರ್ಕಾರದ ನೌಕರರಿಗೆ ಮೊದಲೇ ಇಲ್ಲ. ಮುಷ್ಕರವೂ ಇಲ್ಲದೆ, ಮಾತುಕತೆಯೂ ಇಲ್ಲದೆ ಹೋದರೆ ಅಸಮಾಧಾನಕ್ಕೆ ಉಳಿಯುವ ದಾರಿ ರಾಜೀನಾಮೆಯೊಂದೇ. ಅದರಿಂದ ನಷ್ಟವಾಗುವುದು ಅನುಭವಿಗಳಾದ ಕಣ್ಣುಗಳು; ಪೆಟ್ಟಿಗೆಯ ಚಿತ್ರದಲ್ಲಿ ಕತ್ತಿಯಾವುದು ಕಡಗವಾವುದು ಎಂದರಿಯುವ ಕಣ್ಣು ಒಂದು ದಿನದಲ್ಲಿ ಸಿದ್ಧವಾಗುವುದಿಲ್ಲ. ಕೆಲಸವನ್ನೆಲ್ಲ ಮತ್ತೆ ಗುತ್ತಿಗೆಗೆ ಕೊಡೋಣವೆನ್ನುವವರು 2001ಕ್ಕೆ ಹಿಂದಿನ ಸ್ಥಿತಿಯನ್ನು ಒಮ್ಮೆ ಸ್ಮರಿಸಿಕೊಳ್ಳಲಿ.

ನಮ್ಮಲ್ಲಿ ಈ ಪ್ರಶ್ನೆಯು ಬೇರೊಂದು ರೂಪದಲ್ಲಿದೆ. 1999ರ ಕಂದಹಾರದ ವಿಮಾನಾಪಹರಣದ ತರುವಾಯ ನಮ್ಮ ನಿಲ್ದಾಣಗಳ ಕಾವಲು ಕ್ರಮೇಣ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಬಂದಿತು. ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣದಲ್ಲಿಯೂ ನಮ್ಮ ಚೀಲಗಳನ್ನು ನೋಡುವವರು ಅವರೇ. 1983ರಿಂದ ಸಶಸ್ತ್ರ ಪಡೆಯಾಗಿರುವ ಅವರಿಗೆ ಸಂಘ ಕಟ್ಟುವ ಸ್ವಾತಂತ್ರ್ಯ ನಿರ್ಬಂಧಿತವಾಗಿದೆ. ಆ ನಿರ್ಬಂಧಕ್ಕೆ ಕಾರಣಗಳಿರಬಹುದು. ಆದರೆ ಬಾಯಿ ಕಟ್ಟಿದವನ ದುಃಖವನ್ನು ಕೇಳುವ ಕಿವಿಯನ್ನು ಒದಗಿಸುವ ಹೊಣೆ ಕಟ್ಟಿದವನ ಮೇಲೆಯೇ ಇರುತ್ತದೆ.

ಅಮೆರಿಕದ ತಪಾಸಣೆಗಾರರು ಕೇಳುವುದು ಅತಿಯಾದುದೇನೂ ಅಲ್ಲ: ಇತರ ನೌಕರರಿಗಿರುವ ಕಾನೂನಿನ ರಕ್ಷಣೆ, ಸತ್ಯ ಹೇಳಿದವನಿಗೆ ಶಿಕ್ಷೆಯಾಗದೆಂಬ ಭರವಸೆ, ದುಡಿದ ದಿನದ ಸಂಬಳ ಆ ತಿಂಗಳಲ್ಲಿಯೇ ಕೈಸೇರುವ ಏರ್ಪಾಡು. ಇವುಗಳಲ್ಲಿ ಮೊದಲನೆಯದನ್ನು ಶಾಸನವಾಗಿಸುವ ಮಸೂದೆಗೆ ಅಲ್ಲಿಯ ಪ್ರತಿನಿಧಿ ಸಭೆಯು 2020ರಲ್ಲಿಯೂ 2022ರಲ್ಲಿಯೂ ಒಪ್ಪಿಗೆಯಿತ್ತಿತು; ಎರಡು ಸಲವೂ ಅದು ಸೆನೆಟ್ಟಿನ ಹೊಸ್ತಿಲನ್ನು ದಾಟಲಿಲ್ಲ. ಮಂತ್ರಿಗಳು ಬದಲಾದಂತೆಲ್ಲ ಬದಲಾಗದ ಹಕ್ಕು ದೊರೆಯಬೇಕಾದರೆ ಅದು ಶಾಸನದಲ್ಲಿಯೇ ಬರೆದಿರಬೇಕು. ಲಕ್ಷಾಂತರ ಜನರ ಪ್ರಾಣವನ್ನು ಯಾರ ಎಚ್ಚರಿಕೆಗೆ ಒಪ್ಪಿಸಿದ್ದೇವೆಯೋ ಅವರನ್ನು ಸ್ವತಃ ಸಂಶಯದಿಂದ ಕಾಣುವ ಆಡಳಿತವು ಭದ್ರವಾದುದೆಂದು ನಾವು ಒಪ್ಪಲಾರೆವು.