ಲಿಮಿಟ್ಟು ಏರಿಸೋದು

2020ರ ಸೆಪ್ಟೆಂಬರ್ ಕೊನೇ ವಾರ. ಕೊರೋನಾ ಕೃಪೆಯಿಂದ ನಾನು ಬೆಂಗಳೂರು ಬಿಟ್ಟು ಊರಲ್ಲಿದ್ದೆ. ಊರು ಅಂದರೆ ಬಾಬಾಬುಡನ್‌ಗಿರಿ ಹತ್ತುವ ದಾರಿಯಲ್ಲಿ, ಕೈಮರ ದಾಟಿ ಇನ್ನೂ ಮೇಲೆ. ಮನೆಯೊಳಗೆ ಸಿಗ್ನಲ್ ಬರೋಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಬರುತ್ತೆ. ಅಲ್ಲೇ ಟಾರ್ಪಾಲು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರೆ ಅದೇ ನನ್ನ ಆಫೀಸು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವೂ ಆಗಿರಲಿಲ್ಲ.

ಆ ವಾರ ಎರಡು ಸಾಲದ ಸುದ್ದಿ ಒಟ್ಟಿಗೆ ಬಂದವು. ಒಂದು ವಿಧಾನಸೌಧದ್ದು. ಇನ್ನೊಂದು ನಮ್ಮ ಮನೇದು.

ಮೊದಲು ಮನೇದು ಹೇಳಿಬಿಡ್ತೀನಿ. ಅಪ್ಪ ಬ್ಯಾಂಕಿನಲ್ಲಿ ಬೆಳೆ ಸಾಲದ ಲಿಮಿಟ್ಟು ಜಾಸ್ತಿ ಮಾಡಿಸಬೇಕು ಅಂತಿದ್ದರು. ನಮ್ಮ ಕಡೆ ತೋಟ ಇರೋರ ಮಾತಿನಲ್ಲಿ "ಲಿಮಿಟ್ಟು" ಅನ್ನೋದು ಮಳೆ, ಬೋರರ್ ಹುಳದಷ್ಟೇ ದಿನನಿತ್ಯದ ಪದ. "ನಿಮ್ದು ಎಷ್ಟು ಲಿಮಿಟ್ಟು?" ಅಂತ ಮದುವೆ ಮನೆ ಊಟದ ಸಾಲಿನಲ್ಲೂ ಕೇಳ್ತಾರೆ. ಮ್ಯಾನೇಜರು ಮಗನ ಸಂಬಳದ ಸ್ಲಿಪ್ಪು, ಮಗನ ಸಹಿ ಎರಡೂ ಬೇಕು ಅಂದಿದ್ದರಂತೆ. ನಾನು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು?" ಅಪ್ಪ ಹೇಳಿದರು. ಸಹಿ ಹಾಕಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು, ಕಾಲ್‌ಗೆ ವಾಪಸ್ ಬಂದು "ಸಾರಿ, ನೆಟ್‌ವರ್ಕ್ ಇಶ್ಯೂ" ಅಂದೆ :-)

ಅದೇ ವಾರ ವಿಧಾನಸೌಧದಲ್ಲಿ ಯಡಿಯೂರಪ್ಪನವರ ಸರ್ಕಾರ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಈ ಕಾಯ್ದೆ 2002ರದ್ದು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಆದದ್ದು. ಸಾಲಕ್ಕೆ ತಾನೇ ಬೇಲಿ ಹಾಕಿಕೊಳ್ಳುವ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ವರ್ಷದ ವಿತ್ತೀಯ ಕೊರತೆ (ಅಂದರೆ ಹೆಚ್ಚುಕಡಿಮೆ ಆ ವರ್ಷ ಮಾಡುವ ನಿವ್ವಳ ಸಾಲ) ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟಬಾರದು ಅಂತ ಅದರಲ್ಲಿದೆ. 2020ರ ತಿದ್ದುಪಡಿ ಆ 3ನ್ನು ಒಂದು ವರ್ಷದ ಮಟ್ಟಿಗೆ 5 ಮಾಡಿತು. ಎರಡು ಪರ್ಸೆಂಟ್ ತಾನೇ ಅನ್ನಬೇಡಿ, ಮೂವತ್ತು ಸಾವಿರ ಕೋಟಿಗೂ ಮೀರಿದ ಮಾತು ಅದು.

ಸಿದ್ದರಾಮಯ್ಯನವರು ಆಗ ವಿರೋಧ ಪಕ್ಷದ ನಾಯಕರು. ಜಿಎಸ್‌ಟಿ ಪರಿಹಾರವನ್ನು ಕೇಂದ್ರದಿಂದ ವಸೂಲಿ ಮಾಡೋದು ಬಿಟ್ಟು ರಾಜ್ಯವನ್ನು ಸಾಲದ ಕೂಪಕ್ಕೆ ತಳ್ತಿದ್ದೀರಿ ಅನ್ನೋದು ಅವರ ಆಕ್ಷೇಪ. ಆದಾಯ ನಿಂತುಹೋಗಿದೆ, ಬೇರೆ ದಾರಿ ಇಲ್ಲ ಅನ್ನೋದು ಸರ್ಕಾರದ ಉತ್ತರ. ಆ ಅಧಿವೇಶನ ಶುರುವಾದದ್ದು ಸೆಪ್ಟೆಂಬರ್ 21ಕ್ಕೆ, ಮುಗಿದದ್ದು 26ಕ್ಕೆ. ಅಷ್ಟರೊಳಗೆ ಎಪಿಎಂಸಿ, ಭೂಸುಧಾರಣೆ, ಅವಿಶ್ವಾಸ ನಿರ್ಣಯ ಎಲ್ಲ ಆಗಬೇಕಿತ್ತು. ಟಿವಿಯವರಿಗೂ ಅದೇ ಬೇಕಿತ್ತು. ಸಾಲದ ಮಿತಿ ಅವುಗಳ ಸಂದಿಯಲ್ಲಿ ದಾಟಿಹೋಯಿತು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ತಡವಾಗಿ ಗೊತ್ತಾದದ್ದು. ನಿಜವಾದ ತೀರ್ಮಾನ ನಾಲ್ಕು ತಿಂಗಳ ಹಿಂದೆಯೇ ದೆಹಲಿಯಲ್ಲಿ ಆಗಿತ್ತು. ಸಂವಿಧಾನದ 293ನೇ ವಿಧಿ ಪ್ರಕಾರ, ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಆ ಬಾಕಿ ಇದ್ದೇ ಇರುತ್ತೆ. 2020ರ ಮೇ 17ರಂದು ನಿರ್ಮಲಾ ಸೀತಾರಾಮನ್ ರಾಜ್ಯಗಳ ಮಿತಿಯನ್ನು 3ರಿಂದ 5ಕ್ಕೆ ಏರಿಸಿದ್ದೇವೆ ಅಂದರು. ಆದರೆ ಷರತ್ತಿಲ್ಲದೆ ಸಿಗೋದು ಬರೀ ಅರ್ಧ ಪರ್ಸೆಂಟ್. ಉಳಿದದ್ದಕ್ಕೆ ರೇಷನ್ ಕಾರ್ಡು, ವಿದ್ಯುತ್ ಕಂಪನಿಗಳು, ನಗರಸಭೆಗಳ ಆದಾಯ ಅಂತ ಒಂದೊಂದು ಸುಧಾರಣೆ ಮಾಡಿ ತೋರಿಸಬೇಕು. ಲಿಮಿಟ್ಟು ಮ್ಯಾನೇಜರ ಕೈಯಲ್ಲಿ, ಜಗಳ ಮಾತ್ರ ನಮ್ಮ ಮನೆ ಜಗಲಿಯಲ್ಲಿ!

ಕೇರಳ ಈ ಮ್ಯಾನೇಜರ ಮೇಲೇ ಕೇಸು ಹಾಕಿತು. ಅಲ್ಲಿನ ನಿಗಮವೊಂದು ಮಾಡಿದ ಸಾಲವನ್ನು ಕೇಂದ್ರ ರಾಜ್ಯದ ಲೆಕ್ಕಕ್ಕೇ ಸೇರಿಸಿ ಮಿತಿಯನ್ನು ಕತ್ತರಿಸಿದಾಗ, 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಕೋರ್ಟು ಮಧ್ಯಂತರ ಪರಿಹಾರ ಕೊಡಲಿಲ್ಲ, ವಿಷಯವನ್ನು ಸಂವಿಧಾನ ಪೀಠಕ್ಕೆ ಕಳಿಸಿತು. ಕೇರಳದ ವಾದ ಪೂರಾ ಸುಳ್ಳು ಅಂತ ನನಗನಿಸೋದಿಲ್ಲ. ಚುನಾಯಿತ ಸರ್ಕಾರ ಎಷ್ಟು ಸಾಲ ಮಾಡಬೇಕು ಅನ್ನೋದನ್ನ ಅದರ ಶಾಸನಸಭೆ ತಾನೇ ಹೇಳಬೇಕು? ಆದರೆ ನಿಗಮದ ಹೆಸರಲ್ಲಿ ಮಾಡಿದ ಸಾಲ ನಂದಲ್ಲ ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ನಮ್ಮಲ್ಲೂ ಕೃಷ್ಣಾ ಭಾಗ್ಯ ಜಲ ನಿಗಮ, ಕಾವೇರಿ ನೀರಾವರಿ ನಿಗಮ ಅಂತೆಲ್ಲ ಇವೆ. ಕಾಲುವೆ ತೋಡಿದ್ದು ನಿಗಮ, ಸಾಲ ಎತ್ತಿದ್ದು ನಿಗಮ, ತೀರಿಸೋದು ಮಾತ್ರ ಬಜೆಟ್ಟಿನಿಂದ. ಅಮ್ಮನ ಸರ ಅಡವಿಟ್ಟ ದುಡ್ಡು ಅಪ್ಪನ ಪಾಸ್‌ಬುಕ್ಕಿನಲ್ಲಿ ಕಾಣೋದಿಲ್ಲ. ಹಾಗಂತ ಅದು ಸಾಲ ಅಲ್ಲವೇ?

ಅಮೆರಿಕದ ಕಥೆ ಇನ್ನೂ ತಮಾಷೆ. ಅಲ್ಲಿ ಖರ್ಚಿಗೆ ಕಾಂಗ್ರೆಸ್ಸು ಮೊದಲೇ ಒಪ್ಪಿಗೆ ಕೊಟ್ಟಿರುತ್ತೆ, ಆಮೇಲೆ ಆ ಖರ್ಚಿಗೆ ಸಾಲ ಮಾಡಬಹುದೋ ಬೇಡವೋ ಅಂತ ಅದೇ ಕಾಂಗ್ರೆಸ್ಸು ಕಚ್ಚಾಡುತ್ತೆ. ಹೋಟೆಲಲ್ಲಿ ಉಂಡು ಕೈ ತೊಳೆದ ಮೇಲೆ ಬಿಲ್ಲು ಕೊಡಬೇಕಾ ಅಂತ ಮತ ಹಾಕಿದ ಹಾಗೆ. 2011ರಲ್ಲಿ ಹೀಗೇ ಎಳೆದಾಡಿ, ಕೊನೇ ಗಳಿಗೆಯಲ್ಲಿ ರಾಜಿಯಾದ ಮೇಲೂ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್‌ನವರು ಆ ದೇಶದ ರೇಟಿಂಗನ್ನು ಒಂದು ಮೆಟ್ಟಿಲು ಇಳಿಸಿಬಿಟ್ಟರು. 2023ರಲ್ಲಿ ಮತ್ತೆ ಅದೇ ಜಗಳವಾಗಿ ಒಂದು ಕಾನೂನು ಮಾಡಿದರು. ಅದರ ಹೆಸರು "ಫಿಸ್ಕಲ್ ರೆಸ್ಪಾನ್ಸಿಬಿಲಿಟಿ ಆಕ್ಟ್", ನಮ್ಮ 2002ರ ಕಾಯ್ದೆಯ ಇಂಗ್ಲಿಷ್ ಹೆಸರೂ ಅದೇ! 2025ರ ಜುಲೈಯಲ್ಲಿ ಮಿತಿಯನ್ನು ಒಂದೇ ಏಟಿಗೆ 5 ಲಕ್ಷ ಕೋಟಿ ಡಾಲರ್ ಮೇಲೇರಿಸಿದರು. ಇಷ್ಟು ಸಲ ಜರುಗಿಸೋ ಬೇಲಿ ಯಾಕಾದರೂ ಬೇಕು, ಕಿತ್ತು ಹಾಕಿ ಅನ್ನೋರು ಅಲ್ಲೂ ಇದ್ದಾರೆ, ನನ್ನ ಆಫೀಸಿನಲ್ಲೂ ಇದ್ದಾರೆ.

ನಾನು ಅವರ ಕಡೆ ಅಲ್ಲ. ಬೇಲಿ ಇರೋದರಿಂದಲೇ ವರ್ಷಕ್ಕೊಮ್ಮೆಯಾದರೂ ಒಬ್ಬ ಮಂತ್ರಿ ಎದ್ದು ನಿಂತು "ಸಾಲ ಬೇಕು" ಅಂತ ಬಾಯಿಬಿಟ್ಟು ಕೇಳಬೇಕಾಗುತ್ತೆ. ನನ್ನ ತಕರಾರು ಕೇಳುವ ಪ್ರಶ್ನೆಯ ಬಗ್ಗೆ. ಸದನದಲ್ಲಿ ಜಗಳ ನಡೆಯೋದೆಲ್ಲ "ಎಷ್ಟು" ಅನ್ನೋದರ ಮೇಲೆ. "ಯಾತಕ್ಕೆ" ಅನ್ನೋದು ಬರೋದೇ ಇಲ್ಲ.

ಬರೀ "ಎಷ್ಟು" ಕೇಳಿದರೆ ಏನಾಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ. ಒಂದು, ಕುರ್ಚಿ ಅದಲುಬದಲಾದ ಕೂಡಲೇ ಭಾಷಣವೂ ಅದಲುಬದಲಾಗುತ್ತೆ. 2024-25ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರೇ 1,05,246 ಕೋಟಿ ಸಾಲ, 27,354 ಕೋಟಿ ರಾಜಸ್ವ ಕೊರತೆ ತೋರಿಸಿದಾಗ ಸಾಲದ ಹೊರೆ ಅಂತ ಕೂಗಿದವರು ಬಿಜೆಪಿಯವರು. ಎರಡು, ಗೆರೆಗೆ ತಾಗದ ಹಾಗೆ ಲೆಕ್ಕ ಕೂರಿಸೋದು ಒಂದು ಕಲೆಯಾಗುತ್ತೆ. 2025-26ರ ಬಜೆಟ್ ನೋಡಿ. ಕೊರತೆ ಶೇ. 2.95, ಗೆರೆ 3. ಒಟ್ಟು ಹೊಣೆಗಾರಿಕೆ 7,64,655 ಕೋಟಿ, ಅಂದರೆ ಶೇ. 24.91, ಗೆರೆ 25. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೆಸ್ಟ್ ಕೇಸ್ ಪಾಸ್ ಆಗುವಷ್ಟೇ ಕೋಡ್ ಬರೆದ ಹಾಗೆ. ನಾನೂ ಬರೆದಿದ್ದೀನಿ, ಅದಕ್ಕೇ ಗುರುತು ಸಿಗುತ್ತೆ.

ಅದೇ ಬಜೆಟ್ಟಿನಲ್ಲಿ 19,262 ಕೋಟಿ ರಾಜಸ್ವ ಕೊರತೆ ಇತ್ತು. ಅಂದರೆ ಸಾಲದಲ್ಲಿ ಅಷ್ಟು ಭಾಗ ರಸ್ತೆಗಲ್ಲ, ಕಾಲುವೆಗಲ್ಲ, ಸಂಬಳ, ಪಿಂಚಣಿ, ಸಹಾಯಧನ, ಹಳೇ ಸಾಲದ ಬಡ್ಡಿ ಇಂಥ ದಿನದ ಖರ್ಚಿಗೆ. ಹಾಗೆ ಮಾಡೋದು ತಪ್ಪೇ ಅಂತ ನಾನು ಹೇಳ್ತಾ ಇಲ್ಲ. ಕಾಫಿ ಹಣ್ಣಾದಾಗ ಕೈಯಲ್ಲಿ ದುಡ್ಡಿಲ್ಲ ಅಂತ ಆಳುಗಳನ್ನು ಕರೆಯದೇ ಇದ್ದರೆ ಹಣ್ಣೆಲ್ಲ ನೆಲಕ್ಕೆ. ಆಗ ಕೂಲಿಗೆ ಸಾಲ ಮಾಡೋದೇ ಜಾಣತನ. 2020ರಲ್ಲಿ ಅಕ್ಕಿಗೆ, ಆಸ್ಪತ್ರೆಗೆ ಸಾಲ ಮಾಡಿದ್ದರೆ ಅದೂ ಸರಿಯೇ. ಆದರೆ ಮಿತಿ ಏರಿಸುವ ಮಸೂದೆಯ ಜೊತೆಗೇ ಒಂದು ಹಾಳೆ ಲಗತ್ತಿಸಲಿ: ಈ ಹೆಚ್ಚುವರಿಯಲ್ಲಿ ಇಷ್ಟು ಗಿಡ ನೆಡೋದಕ್ಕೆ, ಇಷ್ಟು ಕೂಲಿಗೆ, ಇಷ್ಟು ಹಳೇ ಬಡ್ಡಿಗೆ. ಆ ಒಂದೊಂದು ಸಾಲಿಗೂ ಬೇರೆಬೇರೆ ಮತ ಹಾಕಲಿ. ವರ್ಷದ ಕೊನೆಗೆ ಅದೇ ಹಾಳೆ ಮತ್ತೆ ಸದನಕ್ಕೆ ಬರಲಿ.

ಇಷ್ಟು ಖಡಾಖಂಡಿತವಾಗಿ ಹೇಳೋದಕ್ಕೆ ಕಾರಣ ಆ ಕಣದ ಮೂಲೆಯ ಸಹಿ. ಹಣ ಬೋರರ್ ತಿಂದ ಅರೇಬಿಕಾ ಕಿತ್ತು ಹೊಸ ಗಿಡ ಹಾಕೋದಕ್ಕೆ ಅಂತ ನಾನೇ ಅಂದುಕೊಂಡಿದ್ದೆ. ಎರಡು ವರ್ಷ ಆದ ಮೇಲೆ ರಜೆಗೆ ಹೋದಾಗ ನೋಡಿದರೆ ಮೇಲಿನ ತಾಕು ಹಾಗೇ ಬೋಳಾಗಿತ್ತು. ಹಣದ ಬಹುಪಾಲು ಹಳೇ ಸಾಲದ ಬಡ್ಡಿಗೇ ಜಮಾ ಆಗಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಅಂದು ನೆಟ್ಟಿದ್ದರೆ ಆ ಗಿಡ 2025ರ ಹೊತ್ತಿಗೆ ಫಸಲು ಕೊಡುತ್ತಿತ್ತು, ಪಾರ್ಚ್‌ಮೆಂಟ್ ಮೂಟೆಗೆ ಇಪ್ಪತ್ತು ಸಾವಿರ ದಾಟಿದ ವರ್ಷ. ನನ್ನ ಸಂಬಳದಿಂದ ಕಂತು ಇನ್ನೂ ಹೋಗ್ತಾ ಇದೆ. "ನೀನು ಓದಿದೋನು, ನೀನಾದ್ರೂ ಕೇಳ್ಬಾರ್ದಿತ್ತಾ?" ಅಂದಳು ಅಮ್ಮ. ಉತ್ತರ ಇರಲಿಲ್ಲ.

ಮೊನ್ನೆ ಭಾನುವಾರ ಅಪ್ಪ ಫೋನ್ ಮಾಡಿದ್ದರು. ಕಾಫಿ ರೇಟು ಏರಿದ ಮೇಲೆ ಬ್ಯಾಂಕಿನವರೇ ಕರೆದು ಲಿಮಿಟ್ಟು ಇನ್ನೂ ಏರಿಸಿಕೊಡ್ತೀವಿ ಅಂತಿದ್ದಾರಂತೆ, ನನ್ನ ಸಹಿ ಬೇಕಂತೆ.

"ಯಾತಕ್ಕಪ್ಪ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಬರೆದು ಕಳಿಸ್ತೀನಿ ತಡಿ" ಅಂದರು.