ಹುಡುಗಿಯರ ಚೆಂಡಾಟ: ನೋಡುವವರೆಲ್ಲಿ?

ಚೇಪಾಕಿನಲ್ಲಿ ಕ್ರಿಕೆಟ್ ಪಂದ್ಯವಿದ್ದ ದಿನ ನಮ್ಮ ಹೋಟೆಲುಗಳಲ್ಲಿ ಹಬ್ಬದ ಗದ್ದಲ. ಗಿರಾಕಿಯ ಮುಂದೆ ಕಾಫಿ ಇಡುವ ಸಪ್ಲೈಯರನೂ ಓಟ ಎಷ್ಟಾಯಿತೆಂದು ಕೇಳುತ್ತಾನೆ, ದೋಸೆಯ ಕಲ್ಲಿನ ಮುಂದಿರುವವನೂ ಕೇಳುತ್ತಾನೆ. ಗಲ್ಲಾದಲ್ಲಿ ಕುಳಿತ ಯಜಮಾನರಂತೂ ಚಿಲ್ಲರೆ ಎಣಿಸುವುದನ್ನೇ ಮರೆಯುತ್ತಾರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ದುಡಿಯುವವನಿಗೆ ಆಟದ ಸಂತೋಷ ಬೇಕು. ಆದರೆ ಇದೇ ನಗರದಲ್ಲಿ ಎಷ್ಟೋ ಸಂಜೆ ಯಾವುದೋ ಕಾಲೇಜಿನ ಅಂಗಳದಲ್ಲಿ ಹತ್ತು ಮಂದಿ ಹುಡುಗಿಯರು ಬೆವರು ಸುರಿಸಿ ಬಾಸ್ಕೆಟ್‌ಬಾಲ್ ಆಡುತ್ತಿರುತ್ತಾರೆ. ನೋಡಲು ಐವತ್ತು ಜನರೂ ಇರುವುದಿಲ್ಲ. ಈ ಸಂಗತಿಯನ್ನು ಓದುಗ ಬಂಧುಗಳು ಸ್ವಲ್ಪ ಯೋಚಿಸಬೇಕೆಂಬುದೇ ಈ ಬರಹದ ಉದ್ದೇಶ.

ಹೋದ ತಿಂಗಳು ವಾರದ ರಜೆಯ ದಿನ ನಾವು ಮೂವರು ಇಂಥದೊಂದು ಪಂದ್ಯಕ್ಕೆ ಹೋಗಿದ್ದೆವು. ನಗರದ ಎರಡು ಮಹಿಳಾ ಕಾಲೇಜುಗಳ ತಂಡಗಳು. ಟಿಕೀಟಿಲ್ಲ, ತಡೆಯುವವರಿಲ್ಲ. ಸಿಮೆಂಟಿನ ಮೆಟ್ಟಿಲುಗಳಲ್ಲಿ ಆಟಗಾರ್ತಿಯರ ಸಹಪಾಠಿಗಳು ಇಪ್ಪತ್ತು ಮಂದಿ, ನಾಲ್ಕಾರು ತಾಯಂದಿರು, ಒಬ್ಬ ಕಾವಲುಗಾರ. ಇಷ್ಟೇ ಪ್ರೇಕ್ಷಕ ವರ್ಗ.

ಈ ಆಟವನ್ನು ನೋಡದವರಿಗಾಗಿ ಎರಡು ಮಾತು. ಅಂಗಳದ ಉದ್ದ ೨೮ ಮೀಟರು, ಅಗಲ ೧೫ ಮೀಟರು. ಎರಡು ತುದಿಗಳಲ್ಲಿಯೂ ಒಂದೊಂದು ಹಲಗೆ; ಹಲಗೆಗೆ ಕಬ್ಬಿಣದ ಬಳೆ, ಬಳೆಗೆ ಬಲೆ. ಬಳೆ ಇರುವುದು ನೆಲದಿಂದ ೧೦ ಅಡಿ ಎತ್ತರದಲ್ಲಿ. ಒಂದೊಂದು ಪಕ್ಷಕ್ಕೆ ಐವರು. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ. ನೆಲಕ್ಕೆ ಪುಟಿಸುತ್ತ ಓಡಬೇಕು, ಇಲ್ಲವೆ ಜೊತೆಯವಳಿಗೆ ಎಸೆಯಬೇಕು. ಚೆಂಡು ಕೈಸೇರಿದ ೨೪ ಸೆಕೆಂಡುಗಳೊಳಗೆ ಬಳೆಯತ್ತ ಎಸೆಯದಿದ್ದರೆ ಅದು ಎದುರಾಳಿಗಳ ಪಾಲಾಗುತ್ತದೆ. ಹತ್ತು ಹತ್ತು ನಿಮಿಷಗಳ ನಾಲ್ಕು ಭಾಗ. ಐದು ತಪ್ಪು ಮಾಡಿದವಳು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ಸಾಮಾನ್ಯವಾಗಿ ಚೆಂಡು ಬಳೆಯೊಳಗೆ ಬಿದ್ದರೆ ೨ ಅಂಕ. ದೂರದ ಗೆರೆಯ ಆಚೆಯಿಂದ ಹಾಕಿದರೆ ೩. ಎದುರಾಳಿಯ ತಪ್ಪಿಗಾಗಿ ಸಿಗುವ ಎಸೆತಕ್ಕೆ ೧. ಹೆಂಗಸರ ಚೆಂಡು ಗಂಡಸರದಕ್ಕಿಂತ ಕೊಂಚ ಚಿಕ್ಕದು. ಆದರೆ ಬಳೆಯನ್ನು ಮಾತ್ರ ಹೆಂಗಸರ ಆಟವೆಂದು ಒಂದು ಅಂಗುಲವೂ ಕೆಳಗಿಳಿಸಿಲ್ಲ.

ಮೊದಲ ಐದು ನಿಮಿಷ ನಮ್ಮ ಕಣ್ಣಿಗೆ ಬರಿಯ ಓಡಾಟ ಕಂಡಿತು. ಆಮೇಲೆ ಒಂದೊಂದಾಗಿ ತಿಳಿಯತೊಡಗಿತು. ಅಂಗಳದಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದ ಹುಡುಗಿಯೇ ಆಟವನ್ನು ನಡೆಸುತ್ತಿದ್ದವಳು. ಚೆಂಡು ಪುಟಿಸುವ ಕೈಯ ಕಡೆ ಅವಳ ದೃಷ್ಟಿಯೇ ಇಲ್ಲ. ನಾಲ್ವರು ಜೊತೆಗಾರ್ತಿಯರು ಎಲ್ಲೆಲ್ಲಿ ಇದ್ದಾರೆಂಬುದರ ಮೇಲೆಯೇ ಅವಳ ಗಮನ. ಎಡಕ್ಕೆ ನೋಡಿ ಬಲಕ್ಕೆ ಎಸೆಯುತ್ತಿದ್ದಳು. ನಮ್ಮ ಜೊತೆಗಿದ್ದ ಕುಂದಾಪುರದ ಕಡೆಯ ಸಪ್ಲೈಯರ್ ಅಣ್ಣ, "ಇದು ನಮ್ಮ ಕೆಲಸವೇ ಮಾರಾಯ್ರೆ! ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಯಾವ ಮೇಜು ಖಾಲಿಯಾಯಿತು, ಯಾರು ಅಡ್ಡ ಬಂದರು ಎಂದು ನೋಡುವುದಿಲ್ಲವೇ?" ಎಂದರು. ಮಾತು ನಿಜ. ಕಾಲಿನ ಕೆಲಸ, ಕೈಯ ಕೆಲಸ, ಹೊತ್ತಿನ ಲೆಕ್ಕ, ಇವುಗಳ ಬೆಲೆ ಬಲ್ಲವರು ಯಾರಾದರೂ ಇದ್ದರೆ ಅದು ನಮ್ಮ ಹೋಟೆಲಿನವರು ಮತ್ತು ಮಿಲ್ಲಿನವರು. ಈ ಆಟಕ್ಕೆ ನಮಗಿಂತ ಒಳ್ಳೆಯ ಪ್ರೇಕ್ಷಕರು ಬೇರೆ ಸಿಕ್ಕಾರೆ?

ಮೂರನೆಯ ಭಾಗದಲ್ಲಿ ಒಂದು ತಂಡದ ಎತ್ತರದ ಹುಡುಗಿಗೆ ಐದನೆಯ ತಪ್ಪು ಬಿತ್ತು. ಅತಿ ಹೆಚ್ಚು ಅಂಕ ತಂದವಳು ಅವಳೇ. ಹೊರಗೆ ಬಂದವಳು ಮುಖ ಮುಚ್ಚಿಕೊಂಡು ಕುಳಿತುಕೊಳ್ಳಲಿಲ್ಲ. ವಿರಾಮ ಬಂದಾಗಲೆಲ್ಲ ನೀರಿನ ಬಾಟ್ಲಿ ಹಿಡಿದು ಓಡಿದಳು. ತನ್ನ ಜಾಗಕ್ಕೆ ಹೋದ ಕಿರಿಯ ಹುಡುಗಿಗೆ ಹೊರಗಿನಿಂದಲೇ ಕೂಗಿ ಕೂಗಿ ಹೇಳಿಕೊಟ್ಟಳು. ಆ ಕಿರಿಯವಳು ಕೊನೆಯ ನಿಮಿಷದಲ್ಲಿ ಎರಡು ಸಲ ಬಳೆಗೆ ಹಾಕಿದಳು. ಆದರೂ ಆ ತಂಡ ಮೂರು ಅಂಕಗಳಿಂದ ಸೋತಿತು. ಸೋತವರು ಗೆದ್ದವರ ಕೈ ಕುಲುಕಿದರು. ಸಂಘ, ಒಗ್ಗಟ್ಟು ಎಂದು ನಾವು ವೇದಿಕೆಯ ಮೇಲೆ ಗಂಟೆಗಟ್ಟಲೆ ಹೇಳುವುದನ್ನು ಆ ಹುಡುಗಿ ನೀರಿನ ಬಾಟ್ಲಿಯಲ್ಲಿ ಹೇಳಿದಳು.

ನಡುವೆ ನಾವು ಜೋರಾಗಿ ಚಪ್ಪಾಳೆ ತಟ್ಟಿದಾಗ ಪಕ್ಕದಲ್ಲಿದ್ದ ಒಬ್ಬ ತಾಯಿ ತಮಿಳಿನಲ್ಲಿ ಕೇಳಿದರು: "ನಿಮ್ಮ ಮಗಳು ಯಾರಮ್ಮಾ ಇದರಲ್ಲಿ?" ಎಂದು ನಮ್ಮ ಜೊತೆಗೆ ಬಂದಿದ್ದ ಅಕ್ಕನನ್ನು. ನಮ್ಮ ಮಕ್ಕಳು ಯಾರೂ ಇಲ್ಲ, ಆಟ ನೋಡಲು ಬಂದೆವು ಎಂದಾಗ ಆಕೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದರು, ನಂಬಿದಂತೆ ಕಾಣಲಿಲ್ಲ. ಗಂಡುಹುಡುಗರ ಪಂದ್ಯಕ್ಕೆ ಹೋದವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಹುಡುಗರ ಆಟ ಊರಿನ ಆಟ. ಹುಡುಗಿಯರ ಆಟ ಮನೆಯವರ ಆಟ. ಈ ಭೇದವನ್ನು ಯಾವ ಸರಕಾರವೂ ಕಾನೂನು ಮಾಡಿ ತಂದದ್ದಲ್ಲ. ಹೋಗದೆ ಉಳಿದ ನಾವೇ ತಂದದ್ದು.

ಇದಕ್ಕೊಂದು ಚರಿತ್ರೆಯೂ ಇದೆ. ೧೮೯೧ರಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಈ ಆಟವನ್ನು ಹುಟ್ಟಿಸಿದರು. ಆಗ ಬಳೆಯ ಜಾಗದಲ್ಲಿ ಕಟ್ಟಿದ್ದು ಹಣ್ಣಿನ ಬುಟ್ಟಿ. ಮರುವರ್ಷವೇ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ಅಧ್ಯಾಪಕಿ ಇದನ್ನು ಹುಡುಗಿಯರಿಗೆ ಕಲಿಸಿದರು. ಆದರೆ ಅಂಗಳವನ್ನು ಮೂರು ಪಾಲು ಮಾಡಿ, ಒಬ್ಬಳು ತನ್ನ ಪಾಲಿನಿಂದ ಆಚೆ ಹೋಗಬಾರದೆಂದು ನಿಯಮ ಮಾಡಬೇಕಾಯಿತು. ಹೆಣ್ಣಿನ ಮೈಗೆ ಹೆಚ್ಚು ಆಯಾಸ ಆಗಬಾರದೆಂಬುದು ಕಾರಣ. ೧೮೯೬ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ಹುಡುಗಿಯರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎದುರುಬದುರಾದಾಗ ಗಂಡಸರಿಗೆ ಪ್ರವೇಶವನ್ನೇ ಕೊಡಲಿಲ್ಲ. ಸ್ಟ್ಯಾನ್‌ಫರ್ಡ್ ೨-೧ರಿಂದ ಗೆದ್ದಿತು. ನೋಡಿದ ನೂರಾರು ಮಂದಿಯೂ ಹೆಂಗಸರೇ. ಅಮೆರಿಕೆಯ ಕಾಲೇಜು ಹುಡುಗಿಯರು ಗಂಡಸರಂತೆ ಐವರಾಗಿ ಇಡೀ ಅಂಗಳದಲ್ಲಿ ಓಡಾಡಿ ಆಡುವ ನಿಯಮ ಬಂದದ್ದು ೧೯೭೧ರಲ್ಲಿ. ಒಲಿಂಪಿಕ್ಸಿನಲ್ಲಿ ಗಂಡಸರ ಬಾಸ್ಕೆಟ್‌ಬಾಲ್ ೧೯೩೬ರಲ್ಲಿಯೇ ಸೇರಿತು. ಹೆಂಗಸರದು ಸೇರಲು ೧೯೭೬ರ ತನಕ ಕಾಯಬೇಕಾಯಿತು.

ಆಯಾಸದ ಈ ಮಾತು ನಮಗೆ ನಗು ತರಿಸುತ್ತದೆ. ನಮ್ಮ ಅಜ್ಜಿಯಂದಿರು ರುಬ್ಬುವ ಕಲ್ಲು ತಿರುಗಿಸುವಾಗ, ಬೆನ್ನು ಬಗ್ಗಿಸಿ ಗದ್ದೆಯಲ್ಲಿ ನೆಟ್ಟಿ ಮಾಡುವಾಗ ಆಯಾಸದ ಚಿಂತೆ ಯಾರಿಗೂ ಬರಲಿಲ್ಲ. ೨೦೧೯ರ ಬೇಸಿಗೆಯಲ್ಲಿ ಚೆನ್ನೈಯ ಕೆರೆಗಳು ಒಣಗಿದಾಗ ಲಾರಿಯ ಹಿಂದೆ ಕೊಡ ಹಿಡಿದು ಓಡಿದವರಲ್ಲಿ ಹೆಚ್ಚಿನವರು ಹೆಂಗಸರೇ. ಮನೆಗೆ ನೀರು ತರುವಾಗ ಗಟ್ಟಿಮುಟ್ಟು, ಚೆಂಡು ಹಿಡಿದರೆ ಮಾತ್ರ ನಾಜೂಕು! ಈ ನ್ಯಾಯವನ್ನು ಕಾರ್ಮಿಕರಾದ ನಾವು ಒಪ್ಪತಕ್ಕದ್ದಲ್ಲ.

ನಮ್ಮ ನಗರಕ್ಕೂ ಈ ಆಟಕ್ಕೂ ಹಳೆಯ ನಂಟು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಇಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ ಉಪಾಧ್ಯಾಯರು ದೇಶದ ಮೂಲೆಮೂಲೆಗೂ ಆಟಗಳನ್ನು ಒಯ್ದರು. ಹೆಣ್ಣುಮಕ್ಕಳ ಕಾಲೇಜುಗಳಿಗೂ ಇಲ್ಲಿ ಕೊರತೆಯಿಲ್ಲ: ಕ್ವೀನ್ ಮೇರೀಸ್ ೧೯೧೪ರದು, ವಿಮೆನ್ಸ್ ಕ್ರಿಶ್ಚಿಯನ್ ೧೯೧೫ರದು, ಸ್ಟೆಲ್ಲಾ ಮಾರಿಸ್ ೧೯೪೭ರದು, ಎತಿರಾಜ್ ೧೯೪೮ರದು.

ಇದೇ ಚೆನ್ನೈಯ ಅನಿತಾ ಪಾಲ್‌ದುರೈ ಹತ್ತೊಂಬತ್ತರ ಹರೆಯದಲ್ಲಿಯೇ ಭಾರತ ತಂಡದ ನಾಯಕಿಯಾದವರು. ತಾಯಿಯಾದ ಮೇಲೆ ಮತ್ತೆ ಅಂಗಳಕ್ಕಿಳಿದರು. ೨೦೧೭ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಎರಡನೆಯ ಶ್ರೇಣಿಯ ಅಂತಿಮ ಪಂದ್ಯದಲ್ಲಿ ಅವರಿದ್ದ ಭಾರತ ತಂಡ ಕಜಕಸ್ತಾನವನ್ನು ೭೫-೭೩ರಿಂದ ಸೋಲಿಸಿತು. ೨೦೨೧ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರಿಗೆ ಅನ್ನ ಕೊಟ್ಟದ್ದು ದಕ್ಷಿಣ ರೈಲ್ವೆ. ಕೇರಳದಿಂದ ಬಂದು ಅದೇ ರೈಲ್ವೆಗೆ ಆಡಿದ ಗೀತು ಅನ್ನಾ ಜೋಸ್ ಅವರನ್ನು ೨೦೧೧ರಲ್ಲಿ ಅಮೆರಿಕೆಯ ವೃತ್ತಿಪರ ಮಹಿಳಾ ತಂಡಗಳು ಪರೀಕ್ಷೆಯ ಆಟಕ್ಕೆ ಕರೆಸಿಕೊಂಡವು. ಬೆಂಗಳೂರಿನ ಸಂಜನಾ ರಮೇಶ್ ಈ ಆಟದ ಬಲದಿಂದಲೇ ಅಮೆರಿಕೆಯ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿದರು. ಆಟ ಅನ್ನ ಕೊಡುವುದಿಲ್ಲ ಎನ್ನುವ ಹಿರಿಯರು ಈ ಮೂರು ಹೆಸರುಗಳನ್ನು ಗುರುತು ಹಾಕಿಕೊಳ್ಳಲಿ.

ಆದರೂ ಎಲ್ಲರಿಗೂ ರೈಲ್ವೆಯ ಕೆಲಸ ಸಿಕ್ಕೀತೆಂದು ಹೇಳಿ ನಾವು ಯಾರನ್ನೂ ಮರುಳು ಮಾಡುವುದಿಲ್ಲ. ನೂರು ಹುಡುಗಿಯರು ಆಡಿದರೆ ನಾಲ್ವರಿಗೆ ಸಿಕ್ಕೀತು, ಸಿಗದೆಯೂ ಹೋದೀತು. ಉಳಿದವರಿಗೆ ಸಿಗುವುದು ಗಟ್ಟಿ ಮೈ, ಹೆದರದ ಮನಸ್ಸು, ನಾಲ್ಕು ಜನರೊಡನೆ ಕೂಡಿ ಕೆಲಸ ಮಾಡುವ ಅಭ್ಯಾಸ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯಬೇಕಾದ ಈ ಕಾಲದ ಹೆಣ್ಣುಮಕ್ಕಳಿಗೆ ಇದು ಸಣ್ಣ ಆಸ್ತಿಯೇ?

ನಮ್ಮ ಮನೆಗಳಲ್ಲಿ ನಡೆಯುವುದು ಏನು? ಶಾಲೆಯಲ್ಲಿ ಓಡಿ ಬಹುಮಾನ ತಂದ ಹುಡುಗಿ ಹತ್ತನೆಯ ತರಗತಿ ಮುಗಿಸಿದೊಡನೆ ಅಂಗಳದಿಂದ ಮಾಯವಾಗುತ್ತಾಳೆ. ಚಡ್ಡಿ ಹಾಕಿ ಆಡುವುದು ಚೆನ್ನಾಗಿರುವುದಿಲ್ಲ ಎನ್ನುತ್ತಾರೆ ದೊಡ್ಡಪ್ಪ. ಬಿಸಿಲಿಗೆ ಕಪ್ಪಾದರೆ ಗಂಡು ಸಿಗುವುದು ಕಷ್ಟ ಎನ್ನುತ್ತಾರೆ ಅತ್ತೆ. ಓದು ಕೆಡುತ್ತದೆ ಎನ್ನುತ್ತಾನೆ ಅಪ್ಪ. ಅಣ್ಣ ರಾತ್ರಿ ಎಂಟರ ತನಕ ಬೀದಿಯಲ್ಲಿ ಕ್ರಿಕೆಟ್ ಆಡಿ ಬಂದರೆ ಮಾತ್ರ ಯಾರ ಓದೂ ಕೆಡುವುದಿಲ್ಲ! ಉಡುಪಿನ ವಿಷಯ ಒಂದೇ ಮಾತಿನಲ್ಲಿ ಹೇಳಬಹುದು: ಅಡಿಗೆಮನೆಗೆ ಒಂದು ಉಡುಪು, ಮಿಲ್ಲಿಗೆ ಒಂದು ಉಡುಪು, ಓಡುವವರಿಗೆ ಓಡುವ ಉಡುಪು. ನೋಡುವ ಕಣ್ಣು ಕೆಟ್ಟಿದ್ದರೆ ತಿದ್ದಬೇಕಾದದ್ದು ಕಣ್ಣನ್ನು. ಆದುದರಿಂದ ಪಂದ್ಯಕ್ಕೆ ಹೋಗುವ ನಮ್ಮ ಗಂಡಸರಿಗೂ ಒಂದು ಸೂಚನೆ: ಆಟ ನೋಡಲು ಹೋಗಿ, ಆಟವನ್ನೇ ನೋಡಿ. ಸಿಳ್ಳು, ಕುಚೋದ್ಯ, ಕೈಯಲ್ಲಿನ ಮೊಬೈಲಿನಿಂದ ಪಟ ಹಿಡಿಯುವುದು, ಇವು ನಮ್ಮ ಸಂಘದ ಮರ್ಯಾದೆಗೆ ತಕ್ಕವಲ್ಲ. ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡೇ ಹೋಗುವುದು ಮೇಲು.

ಹೊತ್ತೆಲ್ಲಿದೆ ಎಂದು ಕೇಳುವವರು ಇದ್ದಾರೆ. ಸಂಜೆಯ ತಿಂಡಿಯ ಹೊತ್ತಿನಲ್ಲಿಯೇ ಪಂದ್ಯ ನಡೆಯುವುದರಿಂದ ಹೋಟೆಲಿನವರಿಗೆ ನಿಜವಾಗಿಯೂ ಕಷ್ಟ. ಆದರೆ ವಾರದ ರಜೆಯೊಂದಿದೆಯಷ್ಟೆ? ಅದು ಯಾರೂ ದಾನ ಕೊಟ್ಟದ್ದಲ್ಲ. ೧೯೧೮ರಲ್ಲಿ ಪೆರಂಬೂರಿನ ಮಿಲ್ಲು ಕಾರ್ಮಿಕರು ಬಿ.ಪಿ. ವಾಡಿಯಾ ಅವರೊಡನೆ ಕೂಡಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗ ಅವರು ಕೇಳಿದ್ದು ಕೂಲಿಯನ್ನಷ್ಟೇ ಅಲ್ಲ, ಉಸಿರು ಬಿಡುವ ಹೊತ್ತನ್ನೂ ಕೇಳಿದರು. ಹೋಟೆಲುಗಳಿಗೆಂದೇ ಮದ್ರಾಸಿನಲ್ಲಿ ಕಾನೂನು ಬಂದದ್ದು ೧೯೫೮ರಲ್ಲಿ. ವಾರಕ್ಕೊಂದು ರಜೆ ಹಕ್ಕಾದದ್ದು ಹಾಗೆ. ಆ ಬಿನ್ನಿ ಮಿಲ್ಲು ೧೯೯೬ರಲ್ಲಿ ಮುಚ್ಚಿಹೋಯಿತು. ಅಲ್ಲಿ ದುಡಿದವರು ಗಳಿಸಿಕೊಟ್ಟ ಬಿಡುವು ಉಳಿಯಿತು. ಅದನ್ನು ಮಲಗಿ ಕಳೆಯುವ ಹಕ್ಕೂ ನಮಗಿದೆ. ತಿಂಗಳಿಗೊಂದು ಸಂಜೆಯನ್ನು ಮಾತ್ರ ಈ ಹುಡುಗಿಯರಿಗೆ ಮೀಸಲಿಡೋಣ.

ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಸಲಹೆಗಳು ಮೂರು. ಮೊದಲನೆಯದು, ನಗರದಲ್ಲಿ ನಡೆಯುವ ಕಾಲೇಜು ಹುಡುಗಿಯರ ಪಂದ್ಯಗಳ ದಿನ, ಸ್ಥಳಗಳನ್ನು ಸಂಘದ ಫಲಕದಲ್ಲಿಯೂ ಈ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಎರಡನೆಯದು, ರಾಜ್ಯೋತ್ಸವದ ಆಟೋಟಗಳಲ್ಲಿ ಹೆಣ್ಣುಮಕ್ಕಳಿಗೆ ರಂಗೋಲಿ, ಕುರ್ಚಿಯಾಟ, ನಿಂಬೆಹಣ್ಣು-ಚಮಚದ ಓಟ ಇಷ್ಟೇ ಸಾಲದು. ಐವರು ಐವರ ತಂಡ ಮಾಡಿ ಚೆಂಡಾಟವನ್ನೂ ಇಡಬೇಕು. ಮೂರನೆಯದು, ವಿದ್ಯಾನಿಧಿಯಿಂದ ಪುಸ್ತಕಕ್ಕೆ ಹಣ ಕೊಡುವಂತೆಯೇ, ಆಡುವ ಹುಡುಗಿಗೆ ಒಂದು ಜೊತೆ ಒಳ್ಳೆಯ ಬೂಟು ಕೊಡಬೇಕು. ಒಳ್ಳೆಯ ಬೂಟಿಲ್ಲದೆ ಸಿಮೆಂಟಿನ ಅಂಗಳದಲ್ಲಿ ಹಾರಿ ಇಳಿದರೆ ಮೊಣಕಾಲು ಹಾಳು. ದಿನವಿಡೀ ನಿಂತೇ ದುಡಿಯುವ ನಮಗೆ ಕಾಲಿನ ನೋವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದಾವುದಕ್ಕೂ ಲಕ್ಷಗಟ್ಟಲೆ ಹಣ ಬೇಡ, ಮಂತ್ರಿಗಳ ಶಿಫಾರಸು ಬೇಡ. ಚಪ್ಪಾಳೆಗೆ ಎರಡು ಕೈ ಸಾಕು. ನಮ್ಮ ಸದಸ್ಯರಲ್ಲಿ ಒಬ್ಬರ ಮಗಳು ಈ ವರ್ಷ ಕಾಲೇಜು ಸೇರುವವಳಿದ್ದು, ತಂಡಕ್ಕೆ ಹೆಸರು ಕೊಡಲೇ ಅಪ್ಪಾ ಎಂದು ಕೇಳಿದರೆ, ಆ ಅಪ್ಪ "ಕೊಡು ಮಗಾ, ಪಂದ್ಯ ಯಾವ ದಿನ ಹೇಳು, ರಜೆ ಹಾಕಿಕೊಳ್ಳುತ್ತೇನೆ" ಎಂದು ಉತ್ತರ ಕೊಡಲಿ. ಈ ಬರಹಕ್ಕೆ ನಾವು ಬೇರೆ ಫಲವನ್ನು ಬಯಸುವುದಿಲ್ಲ.