ಬಿಡಿಸಿ ಬರೆಯುವ ಹೊಣೆ ಯಾರದು?

ಪಿ.ಐ.ಡಿ. ಎಂಬ ಮೂರಕ್ಷರವನ್ನು ಮೂಳೆ ವೈದ್ಯರು ಬರೆದರೆ ಬೆನ್ನುಮೂಳೆಯ ಡಿಸ್ಕ್ ಜಾರಿದೆ ಎಂದರ್ಥ. ಅದನ್ನೇ ಸ್ತ್ರೀರೋಗ ತಜ್ಞರು ಬರೆದರೆ ಗರ್ಭಕೋಶಕ್ಕೂ ಅಂಡನಾಳಗಳಿಗೂ ಸೋಂಕು ತಗಲಿದೆ ಎಂದರ್ಥ. ಹೃದ್ರೋಗ ವಿಭಾಗದಲ್ಲಿ ಎಂ.ಎಸ್. ಎಂದರೆ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವುದು. ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಬೇರೆಯೇ ಕಾಯಿಲೆ. ಆಯಾ ವಿಭಾಗದ ಒಳಗೆ ಇದರಿಂದ ಯಾವ ಗೊಂದಲವೂ ಆಗುವುದಿಲ್ಲ. ಅಲ್ಲಿ ರೋಗಿ ಎದುರಿಗೇ ಇರುತ್ತಾರೆ, ಸ್ಕ್ಯಾನ್ ಕೈಯಲ್ಲಿರುತ್ತದೆ, ಓದುವವರಿಗೂ ಬರೆಯುವವರಿಗೂ ಒಂದೇ ತರಬೇತಿ ಆಗಿರುತ್ತದೆ. ಆದರೆ ಆ ಕಾಗದ ಆಸ್ಪತ್ರೆಯಿಂದ ಹೊರಬೀಳುವಾಗ ಅಕ್ಷರಗಳಷ್ಟೇ ಹೊರಬರುತ್ತವೆ. ಅವುಗಳಿಗೆ ಅರ್ಥ ಕೊಟ್ಟ ಸಂದರ್ಭ ಒಳಗೇ ಉಳಿಯುತ್ತದೆ. ಅನಂತರ ಅದನ್ನು ಓದುವವರು ಔಷಧ ಅಂಗಡಿಯ ಹುಡುಗ, ಮನೆಯಲ್ಲಿ ಅಮ್ಮನಿಗೆ ಮಾತ್ರೆ ಕೊಡುವ ಮಗಳು, ಇನ್ನೊಂದು ಊರಿನ ಇನ್ನೊಬ್ಬ ವೈದ್ಯರು, ವಿಮೆಯ ಕಚೇರಿಯ ಗುಮಾಸ್ತರು.

ಹೀಗೆ ಕೈ ಬದಲಾಗುವ ಕಾಗದದಲ್ಲಿ ಸಂಕ್ಷೇಪವನ್ನು ಬಿಡಿಸುವ ಹೊಣೆ ಯಾರದು? ನಮ್ಮಲ್ಲಿ ಅದು ಓದುವವರ ಪಾಲಿಗೆ ಬಿದ್ದಿದೆ. ಗೊತ್ತಾಗದಿದ್ದರೆ ಕೇಳಿಕೊಳ್ಳಲಿ ಎಂಬುದು ರೂಢಿ. ಈ ರೂಢಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸಂಕ್ಷೇಪ ಹುಟ್ಟಿದ ವಲಯದೊಳಗೆ ಅದು ಧಾರಾಳವಾಗಿ ಇರಲಿ. ಆ ವಲಯ ದಾಟುವ ಪ್ರತಿಯೊಂದು ಕಾಗದದಲ್ಲೂ ಅದನ್ನು ಬಿಡಿಸಿ ಬರೆಯುವುದು ಬರೆಯುವವರ ಕರ್ತವ್ಯ.

ಮೊದಲು ಸಂಕ್ಷೇಪದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು. ಡಿಎನ್‌ಎ, ಪಿಸಿಆರ್, ಇಸಿಜಿ ಇಂಥ ಹೆಸರುಗಳಿಲ್ಲದೆ ವಿಜ್ಞಾನ ಮಾತಾಡಲಾರದು. ಪ್ರಯೋಗಾಲಯದಲ್ಲಿ ಡೀಆಕ್ಸಿರೈಬೋನ್ಯೂಕ್ಲಿಯಿಕ್ ಆಮ್ಲ ಎಂದು ಗಳಿಗೆಗೊಮ್ಮೆ ಹೇಳುತ್ತ ಕೂರುವವರು ಯಾರೂ ಇಲ್ಲ. ಔಷಧ ಚೀಟಿಯ ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್. ಎಂಬುವು ಯೂರೋಪಿನ ವೈದ್ಯರಿಗೆಲ್ಲ ಲ್ಯಾಟಿನ್ ಸಮಾನ ಭಾಷೆಯಾಗಿದ್ದ ಕಾಲದಿಂದ ಉಳಿದು ಬಂದ ಗುರುತುಗಳು. ದಿನಕ್ಕೆ ಎರಡು ಸಲ, ದಿನಕ್ಕೆ ಮೂರು ಸಲ, ಅಗತ್ಯಬಿದ್ದರೆ ಮಾತ್ರ ಎಂಬ ಸೂಚನೆಗಳನ್ನು ಅವು ದೇಶ ಭಾಷೆಗಳ ಗಡಿ ಮೀರಿ ಸಾಗಿಸಿದವು. ಸಮಯದ ಪ್ರಶ್ನೆಯೂ ಸಣ್ಣದಲ್ಲ. ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಮಾಹಿತಿ ಕಲೆಹಾಕಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನಲ್ಲಿ ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಕೇಳಿ, ನೋಡಿ, ಮುಟ್ಟಿ, ಬರೆಯಬೇಕಾದ ವೈದ್ಯರು ಅಕ್ಷರ ಉಳಿಸುವುದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ಕಂಡವರು ಯಾರೂ ಆ ಮಾತು ಆಡಲಾರರು.

ಇಷ್ಟನ್ನು ಒಪ್ಪಿದ ಮೇಲೂ, ತಿಳಿದವರ ನಡುವೆಯೇ ಸಂಕ್ಷೇಪಗಳು ಎಡವಿಸಿವೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ, ಬಳಸಲೇಕೂಡದ ಸಂಕ್ಷೇಪಗಳ ಪಟ್ಟಿಯೊಂದನ್ನು 2004ರಲ್ಲಿ ಜಾರಿಗೆ ತಂದಿತು. ಪಟ್ಟಿ ಚಿಕ್ಕದು, ಆದರೆ ಅದರಲ್ಲಿರುವ ಒಂದೊಂದರ ಹಿಂದೆಯೂ ರೋಗಿಗಳಿಗೆ ಆದ ಹಾನಿಯ ಅನುಭವವಿದೆ. ಪ್ರತಿದಿನ ಎಂಬುದಕ್ಕೂ ದಿನ ಬಿಟ್ಟು ದಿನ ಎಂಬುದಕ್ಕೂ ಬರೆಯುತ್ತಿದ್ದ ಲ್ಯಾಟಿನ್ ಗುರುತುಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಎರಡನ್ನೂ ನಿಷೇಧಿಸಿದರು. ಮಾರ್ಫಿನ್ ಸಲ್ಫೇಟಿಗೂ ಮೆಗ್ನೀಸಿಯಂ ಸಲ್ಫೇಟಿಗೂ ಹೊಂದಿಬಿಡುವ ಎಂ.ಎಸ್. ಅನ್ನು ತೆಗೆದುಹಾಕಿದರು. ಐದು ಮಿಲಿಗ್ರಾಂ ಎನ್ನಲು 5.0 ಎಂದು ಬರೆಯಬಾರದು, ಚುಕ್ಕಿ ಕಾಣದೆ ಹೋದರೆ ಅದು ಐವತ್ತಾಗುತ್ತದೆ. ಅರ್ಧ ಮಿಲಿಗ್ರಾಂ ಎನ್ನಲು ಚುಕ್ಕಿಯಿಂದಲೇ ಶುರುಮಾಡಿ .5 ಎಂದೂ ಬರೆಯಬಾರದು, ಅದು ಐದಾಗುತ್ತದೆ.

ಆ ಪಟ್ಟಿಯಲ್ಲಿ ನಮಗೆ ಹೆಚ್ಚು ಹತ್ತಿರವಾದದ್ದು ಯೂನಿಟ್ ಎನ್ನುವುದಕ್ಕೆ ಬರೆಯುವ ಇಂಗ್ಲಿಷಿನ ಯು ಅಕ್ಷರ. ಕೈಬರಹದಲ್ಲಿ ಅದರ ಬಾಯಿ ಮುಚ್ಚಿಕೊಂಡರೆ ಸೊನ್ನೆ. ಹತ್ತು ಯೂನಿಟ್ ಇನ್ಸುಲಿನ್ ನೂರಾಗಲು ಅಷ್ಟು ಸಾಕು. ಭಾರತದಲ್ಲಿ ಇದರ ಜೊತೆ ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೀಟಿನವರೆಗೆ ಎಳೆದರೆ ಒಳಗೆ ಹೋಗುವುದು ಇಪ್ಪತ್ತೈದು ಯೂನಿಟ್. ರಕ್ತದ ಸಕ್ಕರೆ ಏಕಾಏಕಿ ಕುಸಿದು, ಮಲಗಿದಲ್ಲೇ ಪ್ರಜ್ಞೆ ತಪ್ಪಲು ಅದು ಸಾಕು. ತಿರುಗಾಮುರುಗಾ ಮಾಡಿದರೆ ಹತ್ತರ ಬದಲು ನಾಲ್ಕೇ ಯೂನಿಟ್ ಸೇರಿ ಸಕ್ಕರೆ ಏರುತ್ತಲೇ ಹೋಗುತ್ತದೆ. ಸೀಸೆಯ ಮೇಲಿನ 40 ಐಯು, 100 ಐಯು (ಐಯು ಎಂದರೆ ಅಂತರರಾಷ್ಟ್ರೀಯ ಯೂನಿಟ್) ಎಂಬ ಗುರುತನ್ನು ಓದಿ ಸರಿಯಾದ ಸಿರಿಂಜನ್ನು ಆರಿಸಬೇಕಾದವರು ವೈದ್ಯರಲ್ಲ, ದಿನಾ ಬೆಳಿಗ್ಗೆ ತಮಗೆ ತಾವೇ ಚುಚ್ಚಿಕೊಳ್ಳುವ ರೋಗಿಗಳು. ಈ ಎರಡಕ್ಷರದ ಅರ್ಥ ಅವರಿಗೆ ಗೊತ್ತಿರುತ್ತದೆ ಎಂದು ಊಹಿಸಿಕೊಂಡು ಬರೆಯುವುದು ಎಷ್ಟು ಅಪಾಯದ ಊಹೆ!

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಇನ್ನೊಂದು ಉದಾಹರಣೆ. ಅದನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನಾ ನುಂಗಿದರೆ ಅಸ್ಥಿಮಜ್ಜೆ ಸೊರಗಿ, ಬಾಯೆಲ್ಲ ಹುಣ್ಣಾಗಿ, ಸೋಂಕು ತಡೆಯುವ ಬಿಳಿ ರಕ್ತಕಣಗಳು ಕುಸಿದು ಸಾವೂ ಬರಬಹುದು. ಇಂಥ ಸಾವುಗಳು ಅನೇಕ ದೇಶಗಳಿಂದ ವರದಿಯಾಗಿವೆ. ಬೇರೆಲ್ಲ ಮಾತ್ರೆಗಳನ್ನೂ ದಿನಾ ನುಂಗುವ ಮನೆಯಲ್ಲಿ ವಾರಕ್ಕೊಮ್ಮೆಯದು ಎಂಬುದನ್ನು ಎರಡಕ್ಷರದ ಗುರುತಿಗೆ ಒಪ್ಪಿಸುವಂತಿಲ್ಲ. ‘ಪ್ರತಿ ಸೋಮವಾರ ರಾತ್ರಿ ಮಾತ್ರ, ಬೇರೆ ದಿನ ಬೇಡ’ ಎಂದು ಬರೆಯಲು ಹಿಡಿಯುವುದು ಕೆಲವೇ ಸೆಕೆಂಡು. ಬಿಡಿಸಿ ಬರೆಯುವುದು ಸೌಜನ್ಯಕ್ಕೆ ಸೇರಿದ ಮಾತಲ್ಲ, ಚಿಕಿತ್ಸೆಯ ಭಾಗ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ ಈ ಚರ್ಚೆ ಬಹುಮಟ್ಟಿಗೆ ಕೈಬರಹದ ಸುತ್ತಲೇ ತಿರುಗಿದೆ. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಓದಲು ಬರುವ ಔಷಧ ಚೀಟಿ ಬದುಕುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. ಎರಡೂ ಸ್ವಾಗತಾರ್ಹ. ಆದರೆ ಅಕ್ಷರ ಕಾಣುವುದು ಬೇರೆ, ಅರ್ಥ ಆಗುವುದು ಬೇರೆ. ದೊಡ್ಡ ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿ ಇಂದು ಕಂಪ್ಯೂಟರಿನಿಂದ ಮುತ್ತಿನಂತೆ ಅಚ್ಚಾಗಿ ಬರುತ್ತದೆ. ಟಿ2ಡಿಎಂ, ಎಚ್‌ಟಿಎನ್, ಐಎಚ್‌ಡಿ, ಎನ್‌ಎಡಿ ಎಂದು ಒಂದೊಂದು ಅಕ್ಷರವೂ ಸ್ಪಷ್ಟ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೃದಯದ ರಕ್ತನಾಳಗಳ ಕಾಯಿಲೆ ಇದೆ, ಉಳಿದಂತೆ ದೋಷವೇನೂ ಕಾಣಲಿಲ್ಲ ಎಂಬ ಸರಳ ಸಂಗತಿ ಅದರೊಳಗೆ ಮುಚ್ಚಿಕೊಂಡೇ ಇರುತ್ತದೆ. ಅದನ್ನು ಹಿಡಿದು ಮನೆಗೆ ಹೋದವರು ಕೊನೆಯ ಸಾಲಿನ ‘ದೋಷವಿಲ್ಲ’ ಎಂಬ ಗುರುತನ್ನೇ ಹೊಸ ರೋಗವೆಂದು ತಿಳಿದು ಹೆದರಿದರೆ ಆಶ್ಚರ್ಯವಿಲ್ಲ.

ಎಲ್ಲವನ್ನೂ ಬಿಡಿಸಿ ಬರೆದರೆ ರೋಗಿ ಗಾಬರಿಯಾಗುತ್ತಾರೆ ಎಂಬ ಆಕ್ಷೇಪ ಹಳೆಯದು, ಗಂಭೀರವಾದದ್ದೂ ಹೌದು. ಅದನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಅಮೆರಿಕದ ಮೂರು ಕಡೆಗಳಲ್ಲಿ ನೂರಕ್ಕೂ ಹೆಚ್ಚು ವೈದ್ಯರು 2010ರಲ್ಲಿ, ತಾವು ಬರೆದ ಟಿಪ್ಪಣಿಗಳನ್ನು ರೋಗಿಗಳೇ ಓದಲು ತೆರೆದಿಟ್ಟರು. 2012ರಲ್ಲಿ ಫಲಿತಾಂಶ ಹೊರಬಂತು. ಓದಿ ಚಿಂತೆಗೀಡಾದವರು ಕೆಲವರೇ. ಔಷಧವನ್ನು ಮೊದಲಿಗಿಂತ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇವೆ ಎಂದವರು ಬಹುಪಾಲು. ಪ್ರಯೋಗದ ಅವಧಿ ಮುಗಿದಾಗ ಅದನ್ನು ನಿಲ್ಲಿಸುತ್ತೇನೆಂದ ವೈದ್ಯರು ಒಬ್ಬರೂ ಇರಲಿಲ್ಲ. ಬ್ರಿಟನ್ನಿನ ವೈದ್ಯಕೀಯ ರಾಯಲ್ ಕಾಲೇಜುಗಳ ಅಕಾಡೆಮಿ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ತಜ್ಞರು ತಮ್ಮ ಪತ್ರವನ್ನು ನೇರವಾಗಿ ರೋಗಿಗೇ ಬರೆಯಲಿ, ಕುಟುಂಬ ವೈದ್ಯರಿಗೆ ಅದರ ಪ್ರತಿ ಹೋಗಲಿ ಎಂದು ಸಲಹೆ ಕೊಟ್ಟಿತು. ರೋಗಿಯನ್ನೇ ಉದ್ದೇಶಿಸಿ ಬರೆಯಲು ಕುಳಿತವರ ಲೇಖನಿಯಿಂದ ಲ್ಯಾಟಿನ್ ತಾನಾಗಿ ಜಾರಿಹೋಗುತ್ತದೆ.

ನಮ್ಮ ಕಾನೂನಿನ ದಾರಿಯೂ ಇತ್ತಲೇ ಸಾಗಿದೆ. ಪರೀಕ್ಷೆಗೆಂದು ಒಪ್ಪಿಗೆ ಪಡೆದು, ಮಹಿಳೆಯೊಬ್ಬರು ಅರಿವಳಿಕೆಯಲ್ಲಿರುವಾಗಲೇ ಅವರ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು, ಸಾಕಷ್ಟು ಮಾಹಿತಿ ಸಿಕ್ಕ ಮೇಲೆ ಕೊಟ್ಟದ್ದೇ ನಿಜವಾದ ಒಪ್ಪಿಗೆ ಎಂಬುದು ಅದರ ತಿರುಳು. ಇದನ್ನು ಒಪ್ಪಿದ ಮೇಲೆ, ಟಿಎಎಚ್, ಬಿಎಸ್‌ಒ ಎಂದಷ್ಟೇ ಬರೆದ ಹಾಳೆಯ ಕೆಳಗೆ ಬೀಳುವ ಸಹಿ ಯಾವುದಕ್ಕೆ ಬಿದ್ದ ಸಹಿ? ಗರ್ಭಕೋಶವನ್ನೂ ಎರಡೂ ಕಡೆಯ ಅಂಡನಾಳ, ಅಂಡಾಶಯಗಳನ್ನೂ ತೆಗೆಯುತ್ತೇವೆ ಎಂದು ಬರೆದಾಗಲೇ ಆ ಸಹಿಗೆ ಬೆಲೆ. ಆಸ್ಪತ್ರೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ನಮ್ಮಲ್ಲಿದೆ. ಕೊಟ್ಟದ್ದು ಅರ್ಥವಾಗದಿದ್ದರೆ ಅರ್ಧವನ್ನಷ್ಟೇ ಕೊಟ್ಟಂತೆ.

ಇಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ. ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು 2024ರಲ್ಲಿ ಒತ್ತಾಯಿಸಿದರು. ಈ ಬೇಡಿಕೆಯ ಹಿಂದಿನ ಕಾಳಜಿ ನನ್ನದೂ ಹೌದು. ಆದರೆ ಚೀಟಿಯಲ್ಲಿ ಎರಡು ಭಾಗಗಳಿವೆ ಎಂಬುದನ್ನು ಗಮನಿಸಬೇಕು. ಔಷಧದ ಹೆಸರನ್ನು ಓದುವವರು ಅಂಗಡಿಯವರು. ಬೆಳಗಾವಿಯ ಚೀಟಿ ಸಾಂಗ್ಲಿಯಲ್ಲೂ ಕಾಸರಗೋಡಿನದು ಮಂಗಳೂರಿನಲ್ಲೂ ಓದಿಸಿಕೊಳ್ಳಬೇಕಾದ್ದರಿಂದ, ಮಾತ್ರೆಯ ಪಟ್ಟಿಯ ಮೇಲೆ ಯಾವ ಲಿಪಿಯಲ್ಲಿ ಅಚ್ಚಾಗಿದೆಯೋ ಆ ಲಿಪಿಯಲ್ಲೇ ಹೆಸರು ಇರುವುದು ಕ್ಷೇಮ. ಇನ್ನೊಂದು ಭಾಗ ಯಾವ ಹೊತ್ತು, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಏತಕ್ಕಾಗಿ ಎಂಬ ಸೂಚನೆ. ಅದನ್ನು ಓದುವವರು ರೋಗಿ ಮತ್ತು ಮನೆಯವರು. ಅದು ಕನ್ನಡದಲ್ಲೇ, ಪೂರ್ತಿ ಪದಗಳಲ್ಲೇ ಇರಬೇಕು.

ಇದು ಹೊಸ ಸಾಹಸವೇನೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದು ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂದು ತೋರಿಸಿದರು. ವೈದ್ಯೆ ಅನುಪಮಾ ನಿರಂಜನ ಅವರ ‘ತಾಯಿ ಮಗು’ ಬಸಿರು, ಬಾಣಂತನದ ಮಾತನ್ನು ಮನೆಮನೆಯ ಹೆಂಗಸರಿಗೆ ನೇರವಾಗಿ ತಲುಪಿಸಿತು. ಔಷಧ ಅಂಗಡಿಗಳಲ್ಲಿ ನಡೆದುಕೊಂಡು ಬಂದ 1-0-1 ಎಂಬ ಕ್ರಮವನ್ನೇ ನೋಡಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಅದನ್ನು ಓದುತ್ತಾರೆ. ಚಿಕ್ಕದಾಗಿ ಬರೆಯುವುದಕ್ಕೂ ತಿಳಿಯುವಂತೆ ಬರೆಯುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಓಆರ್‌ಎಸ್ ಕೂಡ ಇಂಗ್ಲಿಷಿನ ಮೂರಕ್ಷರವೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರಿನಿಂದ ಅಸಂಖ್ಯ ಜೀವ ಉಳಿಸಿದರು. ಮುಂದೆ ಅದು ಪೊಟ್ಟಣವಾಗಿ ನಮ್ಮ ಹಳ್ಳಿಗಳಿಗೆ ಬಂದಾಗ ಬರೀ ಹೆಸರು ಬರಲಿಲ್ಲ. ಎಷ್ಟು ನೀರಿಗೆ ಬೆರೆಸಬೇಕು, ಯಾವಾಗ ಕುಡಿಸಬೇಕು, ಏಕೆ ಎಂಬುದನ್ನು ಅಂಗನವಾಡಿಯವರು, ಆರೋಗ್ಯ ಕಾರ್ಯಕರ್ತೆಯರು ಕೈಯಾರೆ ಮಾಡಿ ತೋರಿಸಿದರು. ಹೀಗೆ ಬಿಡಿಸಿ ಹೇಳಿದ್ದರಿಂದಲೇ ಆ ಮೂರಕ್ಷರ ಇಂದು ಕನ್ನಡದ ಮಾತಾಗಿದೆ.

ಸಮಯವಿಲ್ಲ ಎಂಬ ಕೊರಗಿಗೆ ಇಂದು ಪರಿಹಾರವೂ ಇದೆ. ಹೆಚ್ಚಿನ ದೊಡ್ಡ ಆಸ್ಪತ್ರೆಗಳಲ್ಲಿ ಚೀಟಿ, ವರದಿ ಎಲ್ಲ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತವೆ. ವೈದ್ಯರು ಬಿ.ಡಿ. ಎಂದು ಒತ್ತಿದರೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ’ ಎಂದು ಕನ್ನಡದಲ್ಲಿ ಅಚ್ಚಾಗುವಂತೆ ಮಾಡುವುದು ತಂತ್ರಜ್ಞರಿಗೆ ಕಷ್ಟದ ಕೆಲಸವಲ್ಲ. ಕೇಳುವವರು ಬೇಕು, ಅಷ್ಟೇ. ಆದರೆ ಪಿ.ಐ.ಡಿ.ಯಂಥ ಎರಡರ್ಥದ ಗುರುತನ್ನು ಯಂತ್ರ ತಾನಾಗಿ ಬಿಡಿಸಲಾರದು. ಅಲ್ಲಿ ರೋಗದ ಪೂರ್ತಿ ಹೆಸರನ್ನು ವೈದ್ಯರೇ ಆರಿಸಬೇಕು. ಕೈಯಲ್ಲಿ ಬರೆಯುವ ಸಣ್ಣ ಆಸ್ಪತ್ರೆಗಳಿಗೆ, ರೋಗದ ಹೆಸರು, ಔಷಧದ ಪ್ರಮಾಣ, ಹೊತ್ತು ಈ ಮೂರನ್ನಾದರೂ ಸಂಕ್ಷೇಪಿಸಬೇಡಿ ಎಂಬ ಒಂದೇ ನಿಯಮ ಸಾಕು. ವೈದ್ಯಕೀಯ ಕಾಲೇಜುಗಳು ರೋಗಲಕ್ಷಣ ಕಲಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಬೇಕು.

ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವವರು ವರ್ಷದಲ್ಲಿ ಕೆಲವೇ ಗಳಿಗೆ ವೈದ್ಯರ ಮುಂದಿರುತ್ತಾರೆ. ಉಳಿದ ದಿನಗಳಲ್ಲಿ ಮಾತ್ರೆ ಎಣಿಸುವವರು, ಸೂಜಿ ಹಿಡಿಯುವವರು, ಅಪಾಯದ ಲಕ್ಷಣ ಗುರುತಿಸಬೇಕಾದವರು ಅವರು ಮತ್ತು ಅವರ ಮನೆಯವರು. ಅಂದಮೇಲೆ ಚಿಕಿತ್ಸೆಯಲ್ಲಿ ಅವರೂ ವೈದ್ಯರ ಸಹೋದ್ಯೋಗಿಗಳು. ಸಹೋದ್ಯೋಗಿಗೆ ಅರ್ಥವಾಗದ ಸೂಚನೆ ಬರೆದು ಕೊಡುವುದನ್ನು ಯಾವ ವೃತ್ತಿಯೂ ಸರಿಯೆನ್ನುವುದಿಲ್ಲ. ಬರೆಯುವವರಿಗೆ ಅರ್ಥ ಮೊದಲೇ ಗೊತ್ತು, ಬಿಡಿಸಲು ಅವರಿಗೆ ಬೇಕಾದ್ದು ಕೆಲವು ಸೆಕೆಂಡು. ಓದುವವರು ಊಹಿಸಿ ತಪ್ಪಿದರೆ ತೆರಬೇಕಾದ್ದು ಆರೋಗ್ಯ, ಕೆಲವೊಮ್ಮೆ ಪ್ರಾಣ. ಈ ಎರಡನ್ನು ಎದುರುಬದುರು ಇಟ್ಟು ನೋಡಿದರೆ ಹೊಣೆ ಯಾರದೆಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯ. ಅದನ್ನು ವೈದ್ಯರ ಒಳ್ಳೆಯತನಕ್ಕೆ ಬಿಟ್ಟು ಸುಮ್ಮನಿರದೆ, ರೋಗಿಗಳ ಹಕ್ಕೆಂದು ನಿಯಮದಲ್ಲಿ ಬರೆಯಬೇಕು. ಆ ನಿಯಮವನ್ನೂ ಬಿಡಿಸಿಯೇ ಬರೆಯಬೇಕು.